ಹೊಸ ವಿಶ್ವಕೋಶಕ್ಕೆ ಮುಹೂರ್ತ ಯಾವುದು?

ನಮ್ಮ ಜನಕ್ಕೆ ಆರಂಭಶೂರರೆಂಬ ಅಪವಾದ ಬಹು ಹಿಂದಿನಿಂದಲೂ ಅಂಟಿಕೊಂಡಿದೆ. ಸಂಘವೊಂದನ್ನು ಸ್ಥಾಪಿಸಿದ ದಿನದ ಉತ್ಸಾಹ ಅದರ ಎರಡನೆಯ ವಾರ್ಷಿಕೋತ್ಸವದ ಹೊತ್ತಿಗೆ ಉಳಿದಿರುವುದಿಲ್ಲ. ಪತ್ರಿಕೆಯ ಮೊದಲ ಸಂಚಿಕೆಗೆ ಹರಿದುಬಂದ ಲೇಖನಗಳು ನಾಲ್ಕನೆಯ ಸಂಚಿಕೆಗೆ ಬೇಡಿದರೂ ಬರುವುದಿಲ್ಲ. ಈ ಮಾತು ವಾಚನಾಲಯ, ನಾಟಕ ಮಂಡಳಿಗಳಿಗೆ ಹೇಗೆ ಸಲ್ಲುತ್ತದೆಯೋ ಹಾಗೆಯೇ, ಅಂತರಜಾಲದಲ್ಲಿ ಜನರು ಸಂಬಳವಿಲ್ಲದೆ, ಸ್ವಸಂತೋಷದಿಂದ, ಕೂಡಿ ಕಟ್ಟುತ್ತಿರುವ ವಿಶ್ವಕೋಶ, ನಿಘಂಟು, ಗ್ರಂಥಭಂಡಾರಗಳಿಗೂ ಸಲ್ಲುತ್ತದೆ. ಒಂದು ಭಾಷೆಯವರು ಇಂಥ ಹೊಸ ಕಾರ್ಯವನ್ನು ಯಾವಾಗ ಆರಂಭಿಸಬೇಕು, ಅದಕ್ಕೆ ತಾವು ಸಿದ್ಧರಾಗಿದ್ದೇವೆಂಬುದನ್ನು ಯಾವುದರಿಂದ ತಿಳಿಯಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಯಂತ್ರಜ್ಞರಿಗೆ ಬಿಡಬಹುದಾದ ಪ್ರಶ್ನೆಯೆಂದು ತೋರಬಹುದು. ವಿಚಾರಿಸಿ ನೋಡಿದರೆ ಅದು ಭಾಷೆಯ ಬಾಳಿಗೆ ಸಂಬಂಧಿಸಿದ ಪ್ರಶ್ನೆಯೇ ಆಗಿದೆ.

ಇದನ್ನು ಈಗ ಎತ್ತಿಕೊಳ್ಳಲು ಕಾರಣವುಂಟು. ೨೦೨೫ನೆಯ ಇಸವಿಯಲ್ಲಿ ಗ್ರೀನ್‌ಲ್ಯಾಂಡಿನ ಭಾಷೆಯ ವಿಕಿಪೀಡಿಯವನ್ನು ಮುಚ್ಚಬೇಕೆಂದು ವಿಕಿಮೀಡಿಯ ಬಳಗದ ಭಾಷಾ ಸಮಿತಿ ತೀರ್ಮಾನಿಸಿತು. ಮುಚ್ಚಿರೆಂದು ಕೇಳಿಕೊಂಡವನು ಆ ವಿಶ್ವಕೋಶದ ವೈರಿಯಲ್ಲ. ವರ್ಷಗಟ್ಟಲೆ ಅದನ್ನು ನೋಡಿಕೊಂಡು ಬಂದ ನಿರ್ವಾಹಕನೇ. ಅಲ್ಲಿದ್ದ ಲೇಖನಗಳಲ್ಲಿ ಬಹುಪಾಲು ಆ ಭಾಷೆ ಬಲ್ಲವರು ಬರೆದವಾಗಿರಲಿಲ್ಲ. ಭಾಷೆಯರಿಯದ ಹೊರಗಿನವರು ಯಂತ್ರಾನುವಾದದಿಂದ ತಂದು ಸುರಿದವು ಅವು. ಇಂದಿನ ಬುದ್ಧಿಯಂತ್ರಗಳು ಅಂತರಜಾಲದ ಬರಹವನ್ನು ಓದಿಯೇ ಭಾಷೆ ಕಲಿಯುವುದರಿಂದ, ಸಣ್ಣ ಭಾಷೆಯೊಂದರ ವಿಶ್ವಕೋಶದಲ್ಲಿ ತಪ್ಪು ತುಂಬಿದರೆ ಯಂತ್ರ ಅದನ್ನೇ ಕಲಿತು ಅದನ್ನೇ ಮರಳಿ ಹರಡುತ್ತದೆ. ಹೀಗೆ ಭಾಷೆಯನ್ನು ಉಳಿಸಲೆಂದು ತೆರೆದ ಮನೆಯೇ ಭಾಷೆಯನ್ನು ಕೆಡಿಸುವ ಸ್ಥಳವಾಗುತ್ತದೆ. ಇದಕ್ಕೆ ಐದು ವರ್ಷ ಮೊದಲು, ೨೦೨೦ರಲ್ಲಿ, ಸ್ಕಾಟ್ಲೆಂಡಿನ ಸ್ಕಾಟ್ಸ್ ಭಾಷೆಯಲ್ಲಿಯೂ ಇಂಥದೇ ಸಂಗತಿ ಬಯಲಾಯಿತು. ಆ ಭಾಷೆಯನ್ನು ಆಡಲಾರದ ಅಮೆರಿಕದ ಹುಡುಗನೊಬ್ಬ ಅದರ ವಿಕಿಪೀಡಿಯದಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಲೇಖನಗಳನ್ನು ಬರೆದಿದ್ದ. ಅವನಲ್ಲಿ ದುರುದ್ದೇಶವಿರಲಿಲ್ಲ. ಆದರೆ ಅವನನ್ನು ತಡೆದು 'ತಮ್ಮಾ, ಇದು ನಮ್ಮ ಮಾತಲ್ಲ' ಎಂದು ಹೇಳುವವರು ವರ್ಷಗಳವರೆಗೂ ಆ ಮನೆಯಲ್ಲಿ ಯಾರೂ ಇರಲಿಲ್ಲ.

ಇವೆರಡೂ ದೂರದೇಶದ ಸುದ್ದಿಯೆಂದು ನಾವು ಸುಮ್ಮನಿರುವಂತಿಲ್ಲ. ಕನ್ನಡ ನಾಡಿನಲ್ಲಿ ಹಲವು ಭಾಷೆಗಳಿವೆ. ಅವುಗಳನ್ನಾಡುವ ತರುಣರಲ್ಲಿ ತಮ್ಮ ಭಾಷೆಗೂ ಒಂದು ವಿಶ್ವಕೋಶವಿರಬೇಕೆಂಬ ಹಂಬಲ ಬೆಳೆಯುತ್ತಿದೆ. ಹಂಬಲ ಯೋಗ್ಯವಾದುದೇ. ಅದು ಸಫಲವಾಗಬೇಕಾದರೆ ಆರಂಭದ ಕಾಲವನ್ನು ನಿರ್ಣಯಿಸುವ ವಿವೇಕವೂ ಅದರ ಜೊತೆಗಿರಬೇಕು.

ಇಂದು ಜಾರಿಯಲ್ಲಿರುವ ಕ್ರಮವನ್ನು ವಾಚಕರು ತುಸು ವಿವರವಾಗಿ ತಿಳಿಯುವುದು ಒಳ್ಳೆಯದು. ಇಂಗ್ಲಿಷ್ ವಿಕಿಪೀಡಿಯ ಆರಂಭವಾದುದು ೨೦೦೧ರ ಜನವರಿ ೧೫ರಂದು. ಮೊದಲ ಕೆಲವು ವರ್ಷ, ಯಾವ ಭಾಷೆಯ ಹೆಸರು ಹೇಳಿದರೂ ಬಾಗಿಲು ತೆರೆಯುವುದು ವಾಡಿಕೆಯಾಗಿತ್ತು. ಕೂಸು ಹುಟ್ಟುವ ಮುನ್ನವೇ ಕುಲಾವಿ ಹೊಲಿಸಿದ ಹಾಗೆ, ಬರೆಯುವವರಿಲ್ಲದ ಭಾಷೆಗಳಿಗೂ ವಿಳಾಸ ದೊರೆಯಿತು. ಆಫ್ರಿಕದ ಅಫಾರ್, ಹೆರೆರೊ ಮೊದಲಾದ ಭಾಷೆಗಳ ಮನೆಗಳು ಒಳಗೆ ವಾಸಿಸುವವರಿಲ್ಲದೆ ಕೊನೆಗೆ ಬೀಗ ಹಾಕಿಸಿಕೊಂಡವು. ಈ ಅನುಭವದ ತರುವಾಯ, ೨೦೦೬ರಲ್ಲಿ, ಇನ್‌ಕ್ಯುಬೇಟರ್ ಎಂಬ ತಾಣ ಏರ್ಪಟ್ಟಿತು. ಮೊಟ್ಟೆಗೆ ಕಾವು ಕೊಡುವ ಗೂಡು ಎಂಬುದು ಆ ಹೆಸರಿನ ತಾತ್ಪರ್ಯ. ಅದೇ ವರ್ಷ ಭಾಷಾ ಸಮಿತಿಯೂ ರೂಪುಗೊಂಡಿತು. ಅದರ ಸದಸ್ಯರೂ ಸ್ವಯಂಸೇವಕರೇ.

ಹೊಸ ಭಾಷೆಯವರು ಮೊದಲು ಈ ಸಮಿತಿಯ ಮುಂದೆ ಬಿನ್ನಹ ಮಾಡಿಕೊಳ್ಳಬೇಕು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಆ ಭಾಷೆಗೆ ತನ್ನದೇ ಆದ ಸಂಕೇತಾಕ್ಷರಗಳಿರಬೇಕು. ಅದು ಬೇರೊಂದು ಭಾಷೆಯ ಬರಿಯ ರೂಪಭೇದವಾಗಿರಬಾರದು. ಅದನ್ನು ಬಲ್ಲವರು ಸಾಕಷ್ಟು ಜನರಿರಬೇಕು. ಇಷ್ಟಾದರೆ ಸಮಿತಿ 'ಅರ್ಹ' ಎಂದು ಗುರುತು ಮಾಡುತ್ತದೆ. ಅರ್ಹವೆಂದರೆ ಆರಂಭಿಸಬಹುದೆಂದಲ್ಲ, ಕಾವಿಗೆ ಕೂಡಬಹುದೆಂದು ಮಾತ್ರ. ಮುಂದೆ ಆ ಗೂಡಿನೊಳಗೇ ಲೇಖನಗಳನ್ನು ಬರೆಯುತ್ತ ಹೋಗಬೇಕು. 'ಸಂಪಾದಿಸಿ', 'ಹುಡುಕಿ', 'ಉಳಿಸಿ' ಎಂದು ಪರದೆಯ ಮೇಲೆ ಕಾಣುವ ಸೂಚನೆಗಳನ್ನು ತಮ್ಮ ಭಾಷೆಗೆ ತಂದುಕೊಳ್ಳಬೇಕು. ಕನಿಷ್ಠ ಮೂವರು ಬರೆಹಗಾರರು ಹಲವು ತಿಂಗಳು ಎಡೆಬಿಡದೆ ದುಡಿಯುತ್ತಿರುವುದು ಕಾಣಬೇಕು. ಕಡೆಯಲ್ಲಿ, ಆ ಭಾಷೆಯನ್ನು ಬಲ್ಲ ಹೊರಗಿನ ತಜ್ಞರೊಬ್ಬರು 'ಇಲ್ಲಿ ಬರೆದಿರುವುದು ನಿಜವಾಗಿಯೂ ಆ ಭಾಷೆಯೇ' ಎಂದು ದೃಢಪಡಿಸಬೇಕು. ಗಮನಿಸಬೇಕಾದ ಸಂಗತಿಯೆಂದರೆ, ಇಲ್ಲಿ ಮತ ಎಣಿಸುವ ಪದ್ಧತಿಯಿಲ್ಲ. ಐದುನೂರು ಜನ ಕೈಯೆತ್ತಿ 'ನಮಗೆ ಬೇಕು' ಎಂದರೂ ಅದರಿಂದಲೇ ಬಾಗಿಲು ತೆರೆಯುವುದಿಲ್ಲ. ಮಾಡಿದ ಕೆಲಸವೇ ಅಲ್ಲಿ ಸಾಕ್ಷಿ.

ಮೂವರೆಂಬ ಸಂಖ್ಯೆಯನ್ನು ಕಂಡು ನಗುವವರಿದ್ದಾರೆ. ಲಕ್ಷಗಟ್ಟಲೆ ಜನರಾಡುವ ಭಾಷೆಯ ಅಳತೆಗೋಲು ಬರಿಯ ಮೂರು ಜನವೆ? ಆದರೆ ಜನಸಂಖ್ಯೆ ಇಲ್ಲಿ ಪ್ರಮಾಣವಾಗಲಾರದೆಂಬುದಕ್ಕೆ ನಮ್ಮ ದೇಶದ ಉದಾಹರಣೆಯೇ ಸಾಕು. ೨೦೧೧ರ ಜನಗಣತಿಯಲ್ಲಿ ತುಳುವನ್ನು ತಾಯ್ನುಡಿಯೆಂದು ಬರೆಸಿದವರು ಹದಿನೆಂಟು ಲಕ್ಷಕ್ಕೂ ಮಿಕ್ಕಿದ್ದರು. ಸಂಸ್ಕೃತವೆಂದು ಬರೆಸಿದವರು ೨೪,೮೨೧ ಮಂದಿ. ಆದರೂ ಸಂಸ್ಕೃತ ವಿಕಿಪೀಡಿಯ ತುಳುವಿನದಕ್ಕಿಂತ ಎಷ್ಟೋ ವರ್ಷ ಮೊದಲೇ ಇತ್ತು. ಲೇಖನಗಳ ಸಂಖ್ಯೆಯೂ ಪ್ರಮಾಣವಲ್ಲ. ಫಿಲಿಪೈನ್ಸಿನ ಸೆಬುವಾನೊ ಭಾಷೆಯ ವಿಕಿಪೀಡಿಯದಲ್ಲಿ ಲಕ್ಷಾಂತರ ಲೇಖನಗಳಿವೆ. ಅವುಗಳಲ್ಲಿ ಹೆಚ್ಚಿನವನ್ನು ಬರೆದುದು ಮನುಷ್ಯರಲ್ಲ, ಒಂದು ಗಣಕಕ್ರಮ.

ಹಾಗಾದರೆ ಮೂವರೇ ಏಕೆ? ನನಗೆ ತೋರುವ ಅರ್ಥ ಹೀಗಿದೆ. ಒಬ್ಬನೇ ಬರೆಯುತ್ತಿದ್ದರೆ ಅವನ ತಪ್ಪನ್ನು ಹೇಳುವವರಿಲ್ಲ; ಸ್ಕಾಟ್ಸ್ ಭಾಷೆಯಲ್ಲಿ ಆದುದು ಅದೇ. ಇಬ್ಬರಿದ್ದರೆ ಒಂದು ಪದದ ಬಗ್ಗೆ ಜಗಳ ಹುಟ್ಟಿ ಅಲ್ಲಿಯೇ ನಿಲ್ಲಬಹುದು. ಮೂರನೆಯವನಿದ್ದರೆ ಜಗಳ ಚರ್ಚೆಯಾಗಿ, ಚರ್ಚೆ ತೀರ್ಮಾನವಾಗಿ ಮುಂದುವರಿಯುತ್ತದೆ. ವಿಕಿಪೀಡಿಯದ ಪ್ರತಿಯೊಂದು ಲೇಖನದ ಬೆನ್ನಿಗೂ ಚರ್ಚಾಪುಟವೊಂದಿರುತ್ತದೆ. ಹೊಸ ಯೋಜನೆ ಹಣ್ಣಾಗಿದೆಯೇ ಎಂದು ತಿಳಿಯಬೇಕಾದವರು ಲೇಖನಗಳನ್ನು ಎಣಿಸುವುದಕ್ಕಿಂತ ಈ ಚರ್ಚಾಪುಟಗಳನ್ನು ಓದುವುದು ಮೇಲು. ಊರಿನ ಹೆಸರನ್ನು ಹೇಗೆ ಬರೆಯಬೇಕು, ಪರಭಾಷೆಯ ಶಬ್ದವನ್ನು ಹಾಗೆಯೇ ಇಟ್ಟುಕೊಳ್ಳಬೇಕೇ ಹೊಸ ಶಬ್ದ ಕಟ್ಟಬೇಕೇ, ಯಾವ ಸೀಮೆಯ ರೂಪವನ್ನು ಶಿಷ್ಟವೆನ್ನಬೇಕು ಎಂಬ ವಾದಗಳು ಅಲ್ಲಿ ನಡೆದು ಇತ್ಯರ್ಥವಾಗಿದ್ದರೆ, ಆ ಭಾಷೆಗೆ ಒಂದು ಬಳಗ ಹುಟ್ಟಿದೆಯೆಂದು ತಿಳಿಯಬಹುದು. ಒಬ್ಬನೇ ಕುಳಿತು ಯಂತ್ರದ ನೆರವಿನಿಂದ ಒಂದು ರಾತ್ರಿಯಲ್ಲಿ ನೂರು ಲೇಖನ ಮಾಡಬಹುದಾದ ಈ ಕಾಲದಲ್ಲಿ, ಇದಕ್ಕಿಂತ ನಂಬತಕ್ಕ ಲಕ್ಷಣ ಬೇರೆಯಿಲ್ಲ.

ನಮ್ಮ ನಾಡಿನಲ್ಲಿ ಈ ಕ್ರಮದ ಒಳಿತನ್ನೂ ಕಷ್ಟವನ್ನೂ ಪೂರ್ಣವಾಗಿ ಅನುಭವಿಸಿದ್ದು ತುಳು. ಅದರ ವಿಕಿಪೀಡಿಯ ಸುಮಾರು ಎಂಟು ವರ್ಷ ಕಾವಿನಲ್ಲಿದ್ದು, ೨೦೧೬ರ ಆಗಸ್ಟಿನಲ್ಲಿ, ಚಂಡೀಗಢದಲ್ಲಿ ಭಾರತದ ವಿಕಿ ಸಮ್ಮೇಳನ ನಡೆದ ಸಂದರ್ಭದಲ್ಲಿ ಸ್ವತಂತ್ರವಾಯಿತು. ಭಾರತದ ಭಾಷೆಗಳ ವಿಕಿಪೀಡಿಯಗಳಲ್ಲಿ ಅದು ಇಪ್ಪತ್ತಮೂರನೆಯದು. ಆ ಹೊತ್ತಿಗೆ ಅದರಲ್ಲಿ ಸಾವಿರಕ್ಕೂ ಹೆಚ್ಚು ಲೇಖನಗಳಿದ್ದವು. ಡಾ. ಯು. ಬಿ. ಪವನಜ ಮೊದಲಾದವರು ಕರಾವಳಿಯ ಕಾಲೇಜುಗಳಲ್ಲಿ ಶಿಬಿರಗಳನ್ನು ನಡೆಸಿ ತರುಣರಿಗೆ ಬರೆಯಲು ಕಲಿಸಿದರು. ಶಿಬಿರದ ದಿನ ಐವತ್ತು ಜನ ಬರೆದು ಮರುದಿನ ಒಬ್ಬರೂ ಬರೆಯದಿದ್ದರೆ ಸಮಿತಿಯ ಲೆಕ್ಕದಲ್ಲಿ ಅದು ಸೊನ್ನೆ. ಮೂವರು ತಿಂಗಳು ತಿಂಗಳೂ ಬರೆದರೆ ಅದು ಪೂರ್ಣಾಂಕ. ಪದಾಂತ್ಯದ ಅರೆಸ್ವರವನ್ನು ಕನ್ನಡ ಲಿಪಿಯಲ್ಲಿ ತೋರಿಸುವುದು ಹೇಗೆ ಎಂಬಂಥ ತುಳು ಬರೆಹದ ತೊಡಕುಗಳಿಗೂ ಬಹುಕಾಲದ ಬಳಕೆಯೇ ಉತ್ತರ ಕೊಡಬೇಕು. ಒಂದು ದಿನದ ಶಿಬಿರ ಕೊಡಲಾರದು.

ಆದರೂ ಎಂಟು ವರ್ಷವೂ ಅಗತ್ಯವಾಗಿತ್ತೆಂದು ನಾನು ಹೇಳಲಾರೆ. ಗೂಡಿನಲ್ಲಿರುವ ಲೇಖನಕ್ಕೆ ಸ್ವಂತ ವಿಳಾಸವಿಲ್ಲ. ಅದರ ಹೆಸರಿನ ಹಿಂದೆ ಪರೀಕ್ಷೆಯ ಸಂಕೇತ ಅಂಟಿಕೊಂಡೇ ಇರುತ್ತದೆ. ಹುಡುಕುವವನಿಗೆ ಅದು ಸುಲಭವಾಗಿ ಸಿಗದು. ಹೊಸದಾಗಿ ಬರೆದ ವಿದ್ಯಾರ್ಥಿಗೆ ತನ್ನ ಲೇಖನವನ್ನು ಮನೆಯ ಹಿರಿಯರಿಗೆ ತೋರಿಸುವ ಹೆಮ್ಮೆ ಇಲ್ಲದೆ ಹೋಗುತ್ತದೆ. ಓದುವವರು ಬಾರದೆ ಬರೆಯುವವರು ನಿಲ್ಲುವುದಿಲ್ಲ. ಬರೆಯುವವರು ನಿಲ್ಲದೆ ಬಾಗಿಲು ತೆರೆಯುವುದಿಲ್ಲ. ಈ ಸುಳಿಯಲ್ಲಿ ಸಿಕ್ಕಿ ಎಷ್ಟು ಭಾಷೆಗಳ ಉತ್ಸಾಹಿಗಳು ಕೈಚೆಲ್ಲಿರಬಹುದೆಂಬುದನ್ನೂ ನಾವು ಗಣನೆಗೆ ತಂದುಕೊಳ್ಳಬೇಕು. ಅತಿ ಬೇಗ ತೆರೆದರೆ ಪಾಳುಮನೆ. ಅತಿ ತಡಮಾಡಿದರೆ ಬಂದ ನೆಂಟರು ಬಾಗಿಲಿನಿಂದಲೇ ಹಿಂದಿರುಗುತ್ತಾರೆ.

ಕೊಂಕಣಿಯ ಕಥೆ ಇದಕ್ಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಗೋವೆಯವರು ನಾಗರಿಯಲ್ಲಿಯೂ ರೋಮನ್ ಲಿಪಿಯಲ್ಲಿಯೂ, ಮಂಗಳೂರಿನವರು ಕನ್ನಡ ಲಿಪಿಯಲ್ಲಿಯೂ ಬರೆಯುವ ಭಾಷೆ ಅದು. ಲಿಪಿ ಯಾವುದೆಂಬ ವಾದ ಮುಗಿಯುವವರೆಗೆ ಕಾದಿದ್ದರೆ ಅದರ ವಿಶ್ವಕೋಶ ಇಂದಿಗೂ ಹುಟ್ಟುತ್ತಿರಲಿಲ್ಲ. ಅವರು ಮೂರು ಲಿಪಿಗೂ ಎಡೆಕೊಟ್ಟರು. ಗೋವಾ ವಿಶ್ವವಿದ್ಯಾಲಯ ತನ್ನ ನಾಲ್ಕು ಸಂಪುಟಗಳ ಕೊಂಕಣಿ ವಿಶ್ವಕೋಶವನ್ನು ೨೦೧೩ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ೨೦೧೫ರಲ್ಲಿ ಗೋವೆಯ ಕೊಂಕಣಿಯ ವಿಕಿಪೀಡಿಯ ಗೂಡಿನಿಂದ ಹೊರಬಂದಿತು. ಸ್ವಯಂಸೇವಕರ ದುಡಿಮೆಗೆ ವಿದ್ಯಾಸಂಸ್ಥೆಯ ಔದಾರ್ಯ ಒದಗಿದಾಗ ಕಾಯುವ ಕಾಲದ ಭಾರ ಇಳಿಯುತ್ತದೆಯೆಂಬುದು ಇದರಿಂದ ನಾವು ತೆಗೆದುಕೊಳ್ಳಬೇಕಾದ ಪಾಠ.

ಇಷ್ಟನ್ನು ಕೇಳಿದ ವಾಚಕರು 'ಕನ್ನಡವೇನು ಪರೀಕ್ಷೆ ಕೊಟ್ಟು ಬಂದಿತೆ?' ಎಂದು ಕೇಳಬಹುದು. ಕೊಟ್ಟಿರಲಿಲ್ಲ. ಕನ್ನಡ ವಿಕಿಪೀಡಿಯ ೨೦೦೩ರ ಜೂನ್‌ನಲ್ಲಿ, ಕಾವುಗೂಡು ಹುಟ್ಟುವ ಮೊದಲೇ, ತೆರೆಯಿತು. ಗಣಕದಲ್ಲಿ ಯೂನಿಕೋಡ್ ಕನ್ನಡವನ್ನು ಬೆರಳಚ್ಚಿಸುವುದೇ ಸಾಹಸವಾಗಿದ್ದ ಆ ದಿನಗಳಲ್ಲಿ ಅದು ಬಹುಮಟ್ಟಿಗೆ ಬರಿದಾಗಿತ್ತು. ಮುಂದಿನ ವರ್ಷಗಳಲ್ಲಿ ಹರಿಪ್ರಸಾದ್ ನಾಡಿಗ್ ಮೊದಲಾದ ತರುಣರು ಕೈಹಾಕಿದ ಮೇಲೆ ಅದಕ್ಕೆ ಜೀವ ಬಂದಿತು. ಇಂದಿನ ನಿಯಮವನ್ನು ಆಗ ಹಚ್ಚಿದ್ದರೆ ಕನ್ನಡವೂ ಹೊಸ್ತಿಲ ಹೊರಗೆ ನಿಲ್ಲಬೇಕಾಗುತ್ತಿತ್ತು. ಇದು ನಿಯಮದ ವಿರುದ್ಧ ಹೇಳಬಹುದಾದ ಅತ್ಯಂತ ಬಲವಾದ ವಾದವೆಂದು ನಾನು ಒಪ್ಪುತ್ತೇನೆ. ಆದರೆ ನಾಲ್ಕು ಕೋಟಿಗೂ ಹೆಚ್ಚು ಜನರು, ವಿಶ್ವವಿದ್ಯಾಲಯಗಳು, ಪತ್ರಿಕೆಗಳು, ಶಾಲೆಗಳು ಬೆನ್ನಿಗಿರುವ ಭಾಷೆ ಎಡವಿದರೂ ಎದ್ದು ನಿಲ್ಲಬಲ್ಲುದು. ಸಣ್ಣ ಭಾಷೆಗೆ ಮೊದಲ ಎಡವೇ ಕಡೆಯದಾಗಬಹುದು. ಕನ್ನಡವೂ ಬೆಲೆ ತೆರದೆ ಉಳಿಯಲಿಲ್ಲ. ೨೦೦೯ರ ಸುಮಾರಿಗೆ ಗೂಗಲ್ ಸಂಸ್ಥೆ ಹಣಕೊಟ್ಟು, ಅನುವಾದಕರಿಂದ ಇಂಗ್ಲಿಷ್ ಲೇಖನಗಳನ್ನು ಭಾರತದ ಕೆಲವು ಭಾಷೆಗಳಿಗೆ ತರಿಸತೊಡಗಿತು. ಬಂಗಾಳಿ ಬಳಗದವರು ಅವನ್ನು ಸೇರಿಸಿಕೊಳ್ಳಲು ಒಪ್ಪಲಿಲ್ಲ. ತಮಿಳರು ಮಾತುಕತೆ ನಡೆಸಿ ಷರತ್ತು ಹಾಕಿದರು. ಕನ್ನಡದಲ್ಲಿ ಅಂಥ ದೀರ್ಘ, ಒರಟು ಲೇಖನಗಳು ಬಂದು ನೆಲೆಸಿದವು. ತಡೆದು ಕೇಳುವ ಬಳಗ ಆಗ ನಮ್ಮಲ್ಲಿ ಇನ್ನೂ ಚಿಕ್ಕದಾಗಿತ್ತು. ಇಂದು ಕನ್ನಡ ವಿಕಿಪೀಡಿಯದ ಲೇಖನಗಳು ಮೂವತ್ತು ಸಾವಿರವನ್ನು ಮೀರಿವೆ. ಆದರೆ ನಾಲ್ಕು ಕೋಟಿ ಜನರ ಭಾಷೆಗೆ ಇದನ್ನು ಸಮೃದ್ಧಿಯೆನ್ನಲು ಬಾಯಿ ಬರುವುದಿಲ್ಲ.

ಹೊಸ ಯೋಜನೆಯ ಆರಂಭವನ್ನು ನಾವು ಗ್ರಂಥದ ಆರಂಭದಂತೆ ಭಾವಿಸುವುದೇ ತೊಡಕಿನ ಮೂಲವೆಂದು ನನ್ನ ಅಭಿಪ್ರಾಯ. ಕಿಟ್ಟೆಲರ ನಿಘಂಟು ೧೮೯೪ರಲ್ಲಿ ಅಚ್ಚಾಯಿತು; ಅವರ ಕೆಲಸ ಅಲ್ಲಿಗೆ ಪೂರ್ಣವಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಮೊದಲ ಸಂಪುಟ ೧೯೭೦ರಲ್ಲಿಯೂ ಎಂಟನೆಯದು ೧೯೯೫ರಲ್ಲಿಯೂ ಹೊರಬಂದವು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ವಿಶ್ವಕೋಶ ೧೯೬೯ರಲ್ಲಿ ಮೊದಲಾಗಿ ಹದಿನಾಲ್ಕು ಸಂಪುಟಗಳಾಗಿ ಬೆಳೆಯಿತು. ಎಷ್ಟೇ ತಡವಾದರೂ ಅವಕ್ಕೆ ಕಡೆಯ ಸಂಪುಟವೆಂಬುದಿತ್ತು, ಮಂಗಳ ಹಾಡುವ ದಿನವಿತ್ತು. ಅಂತರಜಾಲದ ವಿಶ್ವಕೋಶಕ್ಕೆ ಮಂಗಳವಿಲ್ಲ. ಇಂದು ಸರಿಯಾಗಿರುವ ಲೇಖನ ನಾಳೆ ಹಳತಾಗುತ್ತದೆ. ಕಿಡಿಗೇಡಿ ಬಂದು ಕೆಡಿಸುತ್ತಾನೆ. ತಿದ್ದುವ ಕೈ ನಿತ್ಯವೂ ಬೇಕು. ಆದ್ದರಿಂದ 'ಆರಂಭಿಸೋಣವೇ' ಎಂಬ ಪ್ರಶ್ನೆಯ ನಿಜವಾದ ಅರ್ಥ 'ನಿತ್ಯವೂ ನೋಡಿಕೊಳ್ಳುವವರು ಯಾರು' ಎಂದೇ.

ಈ ಪ್ರಶ್ನೆಯನ್ನು ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ನಾನಿರುವ ಗಬ್ಬೂರು ರಾಯಚೂರಿನಿಂದ ದೇವದುರ್ಗಕ್ಕೆ ಹೋಗುವ ದಾರಿಯಲ್ಲಿದೆ. ಮಳೆ ಶಂಕರ, ಬಂಗಾರ ಬಸಪ್ಪ ಮೊದಲಾದ ಹಳೆಯ ಗುಡಿಗಳಿಂದಲೂ ಶಾಸನಗಳಿಂದಲೂ ಹೆಸರಾದ ಈ ಊರು ಒಂದು ಕಾಲಕ್ಕೆ ವಿದ್ಯಾಕೇಂದ್ರವಾಗಿತ್ತು. ಕನ್ನಡ ನಾಡಿನ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಗೊತ್ತು: ಅವು ಗುಡಿ ಕಟ್ಟಿಸಿದವನ ಹೆಸರು ಹೇಳಿ ಸುಮ್ಮನಾಗುವುದಿಲ್ಲ. ನಂದಾದೀಪದ ಎಣ್ಣೆಗೆ ಯಾವ ಗಾಣ, ಓದಿಸುವ ಉಪಾಧ್ಯಾಯರಿಗೆ ಎಷ್ಟು ಮತ್ತರು ಭೂಮಿ, ಖಂಡಸ್ಫುಟಿತ ಜೀರ್ಣೋದ್ಧಾರಕ್ಕೆ ಯಾವ ಆದಾಯ, ಇವೆಲ್ಲವನ್ನೂ ಪಾಲಿಸಬೇಕಾದ ಮಹಾಜನರು ಯಾರು ಎಂಬುದನ್ನೂ ಕಲ್ಲಿನಲ್ಲಿ ಬರೆಸುತ್ತಿದ್ದರು. ಒಡೆದುದನ್ನು, ಬಿರಿದುದನ್ನು ದುರಸ್ತಿ ಮಾಡುವ ವೆಚ್ಚವನ್ನು ಸ್ಥಾಪನೆಯ ದಿನವೇ ಯೋಚಿಸಿದ ಆ ಬುದ್ಧಿ ಇಂದಿನ ನಮ್ಮ ಯೋಜನೆಗಳಿಗೂ ಬೇಕಾಗಿದೆ. ದೂರದ ಕಾಲದ ಮಾತೇಕೆ? ನಿಜಾಮರ ಆಳಿಕೆಯಲ್ಲಿ ಪಂಡಿತ ತಾರಾನಾಥರು ರಾಯಚೂರಿನಲ್ಲಿ ಹಮ್‌ದರ್ದ್ ಶಾಲೆಯನ್ನು ಕಟ್ಟಿದರು. ೧೯೪೨ರಲ್ಲಿ ಅವರು ತೀರಿಕೊಂಡರೂ ಅವರು ನೆಟ್ಟ ವಿದ್ಯಾಕಾರ್ಯ ಬತ್ತಲಿಲ್ಲ. ನಡೆಸಿಕೊಂಡು ಹೋಗುವ ಕೈಗಳು ಅದಕ್ಕೆ ಇದ್ದವು. ೧೯೩೪ರಲ್ಲಿಯೂ ೨೦೧೬ರಲ್ಲಿಯೂ ಇದೇ ರಾಯಚೂರಿನಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನಗಳು ನೆರೆದವು. ಸಮ್ಮೇಳನ ಕೆಲವು ದಿನಗಳ ಜಾತ್ರೆ; ಶಾಲೆ ನಿತ್ಯದ ಕೆಲಸ. ವಿಕಿ ಯೋಜನೆಯನ್ನು ಸಮ್ಮೇಳನವೆಂದು ತಿಳಿದು ಕೈಹಾಕುವವರು ಅದು ಶಾಲೆಯೆಂದು ಬೇಗನೆ ಅರಿಯುತ್ತಾರೆ.

ನಮ್ಮ ಸೀಮೆಗೆ ಈ ವಿಚಾರ ನೇರವಾಗಿಯೇ ತಾಗುತ್ತದೆ. ದೇವದುರ್ಗ, ಮಾನ್ವಿ, ಲಿಂಗಸುಗೂರು ತಾಲೂಕುಗಳಲ್ಲಿ ಲಂಬಾಣಿ ತಾಂಡಾಗಳುಂಟು. ಅಲ್ಲಿಂದ ಓದಿ ಬಂದ ತರುಣ ಅಧ್ಯಾಪಕರು 'ಮಾಸ್ತರ, ನಮ್ಮ ಮಾತಿಗೂ ಒಂದು ವಿಶ್ವಕೋಶ ಯಾಕ ಆಗಬಾರದ್ರೀ?' ಎಂದು ನನ್ನನ್ನು ಕೇಳುವುದುಂಟು. ೨೦೧೧ರ ಜನಗಣತಿಯಲ್ಲಿ ಲಂಬಾಣಿಯನ್ನು ತಾಯ್ನುಡಿಯೆಂದು ಬರೆಸಿದವರು ದೇಶದಲ್ಲಿ ಮೂವತ್ತೆರಡು ಲಕ್ಷಕ್ಕೂ ಹೆಚ್ಚು. ಆದರೆ ಸರಕಾರದ ಪಟ್ಟಿ ಅವರನ್ನು ಹಿಂದಿಯ ಕೆಳಗೆ ಸೇರಿಸಿ ಎಣಿಸುತ್ತದೆ. ಹೀಗೆ ಲೆಕ್ಕದಲ್ಲಿ ಕರಗಿಹೋಗುವ ಭಾಷೆಗೆ ತನ್ನದೇ ಹೆಸರಿನ ಮನೆಯೊಂದು ದೊರೆಯುವುದು ಸಣ್ಣ ಸಂಗತಿಯಲ್ಲ. ಆದ್ದರಿಂದಲೇ ಅದು ಪಾಳುಬೀಳುವಂತಾಗಬಾರದು.

ನಾನು ಅವರಿಗೆ ಹೇಳುವುದು ಇಷ್ಟು. ಲಂಬಾಣಿಗೆ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಸಂಕೇತವುಂಟು. ಮೊದಲ ಬಾಗಿಲು ಕಷ್ಟದ್ದಲ್ಲ. ಲಿಪಿ ಇಲ್ಲಿ ಕನ್ನಡ, ತೆಲಂಗಾಣದಲ್ಲಿ ತೆಲುಗು, ಮಹಾರಾಷ್ಟ್ರದಲ್ಲಿ ನಾಗರಿ. ಕೊಂಕಣಿಗರಂತೆ ಕೂಡಿ ಬಾಳುವ ಒಪ್ಪಂದಕ್ಕೆ ಮೊದಲು ಬನ್ನಿರಿ. ಬಾಯಿಂದ ಬಾಯಿಗೆ ಬಂದ ಭಾಷೆಗೆ ವಿಶ್ವಕೋಶವೇ ಮೊದಲ ಮೆಟ್ಟಿಲಾಗಬೇಕೆಂದಿಲ್ಲ. ಹಾಡುವವರ ಒಪ್ಪಿಗೆ ಪಡೆದು ತಾಂಡಾದ ಹೆಣ್ಣುಮಕ್ಕಳ ಹಾಡುಗಳನ್ನು ಧ್ವನಿಮುದ್ರಿಸಿ ವಿಕಿಮೀಡಿಯ ಕಾಮನ್ಸ್‌ನಲ್ಲಿ ಇಡಲು ಯಾವ ಸಮಿತಿಯ ಅಪ್ಪಣೆಯೂ ಬೇಕಿಲ್ಲ. ಆ ಕೆಲಸದಲ್ಲಿ ಯಾರು ಕೊನೆಯವರೆಗೂ ಉಳಿಯುತ್ತಾರೆಂಬುದನ್ನು ನೋಡಿರಿ. ಅವರೇ ನಿಮ್ಮ ಮೂವರು. ಕನ್ನಡದವರಾದ ನಮಗೂ ಹೊಸ ಯೋಜನೆಯ ಮೋಹಕ್ಕಿಂತ ಹಳೆಯ ಮನೆಯ ದುರಸ್ತಿ ಮೊದಲಾಗಬೇಕು. ಚೀಕಲಪರವಿಯ ವಿಜಯದಾಸರು, ಮೊಸರಕಲ್ಲಿನ ಗೋಪಾಲದಾಸರು, ಬ್ಯಾಗವಾಟದ ಜಗನ್ನಾಥದಾಸರು ಈ ಸೀಮೆಯವರೇ. ಅವರ ಕೃತಿಗಳಿಗೆ ಯಾರ ಹಕ್ಕಿನ ಅಡ್ಡಿಯೂ ಇಲ್ಲ; ಕನ್ನಡದ ವಿಕಿಸೋರ್ಸ್ ಅವುಗಳ ಶುದ್ಧ ಪಾಠಕ್ಕೆ ತೆರೆದಿದೆ. ಹಳೆಯ ಮುದ್ರಿತ ಪುಟವನ್ನು ಎದುರಿಗಿಟ್ಟುಕೊಂಡು ಅಕ್ಷರ ಅಕ್ಷರವನ್ನೂ ತಾಳೆ ನೋಡುವ ಕೆಲಸಕ್ಕೆ ನಮ್ಮ ಕಾಲೇಜುಗಳ ಕನ್ನಡ ವಿಭಾಗಗಳಿಗಿಂತ ತಕ್ಕವರು ಯಾರು?

ಭಾಷಾ ಸಮಿತಿಯ ನಿಯಮ ಲೋಪವಿಲ್ಲದ್ದೆಂದು ನಾನು ಹೇಳುವುದಿಲ್ಲ. ಅದು ಕಾಯುವವರಿಗೆ ಧೈರ್ಯ ತುಂಬುವುದಿಲ್ಲ. ವಿದ್ಯಾಸಂಸ್ಥೆಗಳು ಆ ಕೊರತೆಯನ್ನು ತುಂಬಿಕೊಡಬೇಕು. ಆದರೆ ಅದರ ತಿರುಳು ಸರಿಯಾಗಿದೆ. ಹೊಸ ಯೋಜನೆಗೆ ಮುಹೂರ್ತ ಹುಡುಕುವವರು ಕಾಗದವೊಂದರ ಮೇಲೆ, ಮುಂದಿನ ಒಂದು ವರ್ಷ ವಾರಕ್ಕೊಮ್ಮೆಯಾದರೂ ಕುಳಿತು ಬರೆಯುವ, ಒಬ್ಬರನ್ನೊಬ್ಬರು ತಿದ್ದುವ ಮೂವರ ಹೆಸರನ್ನು ಬರೆಯಲಿ. ಆ ಹೆಸರುಗಳು ದೊರೆತ ದಿನವೇ ಅರ್ಜಿ ಹಾಕಲಿ. ದೊರೆಯದಿದ್ದರೆ ಅರ್ಜಿಯನ್ನು ಬದಿಗಿಟ್ಟು, ಮೂರನೆಯವನನ್ನು ಹುಡುಕಲು ಹೊರಡಲಿ.